ಕಂಬಳಿ ಹೊದ್ದ ಕುರ್ಚಿ

ಫೋಟೋದಲ್ಲಿ ಕಣ್ಣು ಬಿಟ್ಟುಕೊಂಡು ಕೂತವರೆಲ್ಲ ಫೋಟೋ ತೆಗೆಯುವಾಗ ಬದುಕಿದ್ದರು ಅಂತ ನೀವು ತಿಳಿದುಕೊಂಡಿದ್ದೀರಿ, ಅಲ್ಲವೇ?

ನಾನೂ ಚಿಕ್ಕವಳಿದ್ದಾಗ ಹಾಗೇ ತಿಳಿದಿದ್ದೆ. ಕಿಣ್ಣಿ ಸುಲ್ತಾನದ ನಮ್ಮ ಮನೆಯ ಪಡಸಾಲೆಯಲ್ಲಿ, ಕಂಬಕ್ಕೆ ಹೊಡೆದ ಮೊಳೆಗೆ ನನ್ನ ಎರಡನೆಯ ತಮ್ಮನ ಫೋಟೋ ತೂಗುಬಿದ್ದಿತ್ತು. ತಲೆಗೆ ಜರಿಯ ಕುಂಚಿಗೆ, ಸೊಂಟಕ್ಕೆ ಉಡದಾರ, ದೊಡ್ಡ ದೊಡ್ಡ ಕಣ್ಣು. ಪರವೂರಿನಿಂದ ಬಂದವರು ನೋಡಿ, "ಎಷ್ಟು ಶಾಣ್ಯಾ ಕೂಸ್ರಿ, ಒಂಚೂರು ಅಲ್ಲಾಡಿಲ್ಲ ನೋಡ್ರಿ" ಎನ್ನುತ್ತಿದ್ದರು. ಎಲ್ಲಿಂದ ಅಲ್ಲಾಡಬೇಕು? ಫೋಟೋ ತೆಗೆಯುವ ಹೊತ್ತಿಗೆ ಅವನ ಉಸಿರು ನಿಂತು ಅರ್ಧ ದಿನವಾಗಿತ್ತು.

ಈಗ ನಮ್ಮ ಮನೆಯಲ್ಲಿ ಮರಿಮೊಮ್ಮಗ ಸೀನಿದರೂ ಒಂದು ಫೋಟೋ, ಆಕಳಿಸಿದರೂ ಒಂದು ಫೋಟೋ. ಮೊಮ್ಮಗಳು ಈ ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿಕೊಟ್ಟಿದ್ದಾಳೆ. ಒಂದೇ ಬೆರಳಿನಲ್ಲಿ ಕುಟ್ಟುತ್ತೇನೆ. ನಾನು 'ಹೆಣ' ಎಂದು ಕುಟ್ಟಿದರೆ ಇದು 'ಹಣ' ಬೇಕೇ ಎಂದು ಕೇಳುತ್ತದೆ. ಬೇಡ ಮಾರಾಯ, ನನಗೆ ಬೇಕಾದದ್ದು ಹೆಣವೇ.

ಆಗ ನಮ್ಮ ಕಡೆ ಜೀವ ಇದ್ದವರ ಫೋಟೋ ತೆಗೆಸುತ್ತಿರಲಿಲ್ಲ. ಆಯುಷ್ಯ ಇಳಿಯುತ್ತದೆ ಎಂಬ ಹೆದರಿಕೆ. ಕಚೇರಿಯ ಸಾಹೇಬರು ಮಾತ್ರ ಕೋಟು ಹಾಕಿಕೊಂಡು ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಆಯುಷ್ಯ ಮಿಕ್ಕಿ ಉಳಿದಿರುತ್ತಿತ್ತೋ ಏನೋ. ನಮ್ಮಂಥವರು ಮನೆಯಲ್ಲಿ ಸಾವಾದಾಗ ಆಳಂದಕ್ಕೆ ಯಾರನ್ನಾದರೂ ಓಡಿಸಿ ಫೋಟೋ ಚಾಚಾ ಅವರನ್ನು ಕರೆಸುತ್ತಿದ್ದರು. ಆಳಂದದಲ್ಲಿ ಅಂಗಡಿ ಇದ್ದರೂ ಆ ಕಡೆ ಅಫಜಲಪುರ, ಜೇವರ್ಗಿಯವರೆಗೂ ಅವರಿಗೆ ಕರೆ ಬರುತ್ತಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಅದರಿಂದ ಚಾಚಾ ಅವರ ಕೆಲಸ ಅರ್ಧ ಆದಂತೆಯೇ ಇರುತ್ತಿತ್ತು. ಉಳಿದದ್ದು ಕಣ್ಣು. ಚಿತ್ರ ಕಾಗದಕ್ಕೆ ಇಳಿದು ಒಣಗಿದ ಮೇಲೆ ಅವರು ಸಣ್ಣ ಕುಂಚ ತೆಗೆದುಕೊಂಡು ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆದು ಕೊಡುತ್ತಿದ್ದರು. ಕೂಸು ಎದ್ದು ಕೂತಂತೆ ಕಾಣುತ್ತಿತ್ತು.

ಅವ್ವ ಮಾತ್ರ ಆ ಫೋಟೋಕ್ಕೆ ಬೆನ್ನು ಮಾಡಿಯೇ ರೊಟ್ಟಿ ಬಡಿಯುತ್ತಿದ್ದಳು.

ನನ್ನ ಹಿಂದೆ ಹುಟ್ಟಿದ ಮೊದಲ ತಮ್ಮನದು ಆ ಬಗೆಯ ಫೋಟೋ ಕೂಡ ಇರಲಿಲ್ಲ. ಅವನು ಹೋದದ್ದು ಮಳೆಗಾಲದಲ್ಲಿ, ಹಳ್ಳ ಬಂದಿತ್ತು, ಚಾಚಾ ಬರಲಾಗಲಿಲ್ಲ. ಮೂರನೆಯವನು ಹುಟ್ಟಿದ್ದು ಯುದ್ಧದ ವರ್ಷಗಳಲ್ಲಿ. ಯಾರ ಯುದ್ಧ, ಎಲ್ಲಿ ಎಂದು ನಮಗೇನು ಗೊತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಆದ್ದರಿಂದ ಎಲ್ಲೋ ಯುದ್ಧ ನಡೆದಿದೆ ಎಂದು ತಿಳಿಯುತ್ತಿತ್ತು. ಅಪ್ಪ ಬಾಡಿಗೆಗೆ ಎತ್ತಿನ ಚಕ್ಕಡಿ ಹೊಡೆದುಕೊಂಡು ಸೊಲ್ಲಾಪುರಕ್ಕೆ ಹತ್ತಿ ಸಾಗಿಸುತ್ತಿದ್ದ. ಮನೆಯಲ್ಲಿದ್ದ ದಿನಗಳಿಗಿಂತ ಹಾದಿಯಲ್ಲಿದ್ದ ದಿನಗಳೇ ಹೆಚ್ಚು. ಮನೆಯಲ್ಲಿ ಉಳಿದವರು ಅವ್ವ, ಅಪ್ಪನ ತಾಯಿ ಅಂದರೆ ನಮ್ಮ ಆಯಿ, ನಾನು ಮತ್ತು ಕೂಸು.

ಹಲ್ಲು ಮೂಡುವ ಹೊತ್ತಿಗೆ ಕೂಸಿಗೆ ಜ್ವರ ಹಿಡಿಯಿತು. ಹಿಂದೆಯೇ ಭೇದಿ. ನೆತ್ತಿ ಬಟ್ಟಲಿನ ಹಾಗೆ ಒಳಗಿಳಿಯಿತು. ಆಯಿ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು, ಸುಟ್ಟ ಜಾಯಿಕಾಯಿ ತೇದು ನಾಲಿಗೆಗೆ ಹಚ್ಚಿದಳು. ಒಂದು ಮಧ್ಯಾಹ್ನ ಅವ್ವ ಆ ನೆತ್ತಿಗೆ ಎಣ್ಣೆ ಇಡುತ್ತ, ನನ್ನ ಕಡೆ ನೋಡದೆ ಹೇಳಿದಳು:

"ದೊಡ್ಡಾಂವನ ಮುಖ ನನಗ ನೆನಪ ಬರವಲ್ದು ಬೇ."

ನನಗೂ ನೆನಪಿರಲಿಲ್ಲ.

"ಎರಡನೇದಾಂವನ್ನ ನೆನಸಾಕ ಹೋದ್ರ ಆ ಫೋಟೋ ಅಡ್ಡ ಬರ್ತದ. ಆ ಕಣ್ಣ ಅವಂದಲ್ಲ. ಇಂವನೂ ಹಂಗ ಹೋದ್ರ ನಾ ಏನ್ ಇಟಗೊಳ್ಳಲಿ?"

ಆ ದಿನವೇ ಅವ್ವ ಆಯಿಯ ಮುಂದೆ ಮಾತು ತೆಗೆದಳು. ಕೂಸು ಇರುವಾಗಲೇ, ಕಣ್ಣು ಬಿಟ್ಟಿರುವಾಗಲೇ ಒಂದು ಫೋಟೋ ತೆಗೆಸಬೇಕು ಎಂದಳು. ಆಯಿ ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ಜೀವ ಇದ್ದ ಕೂಸಿನ ಫೋಟೋ ತೆಗಸ್ತಾರೇನ ಬೇ? ಲಗೂನ ಹೋಗಲಿ ಅಂತೇನ?"

"ತೆಗಸದಿದ್ರ ಉಳೀತಾವೇನ್ರಿ ಅತ್ತಿ? ಮೊದಲಿನ ಎರಡೂ ಇದ್ದಾಗ ತೆಗಸಿದ್ದಿಲ್ಲ."

"ಬಾಯಿ ಭಾಳ ಆಗ್ಯಾದ ನಿಂದು. ನನ್ನ ಹೆಣದ ಮ್ಯಾಲ ದಾಟಿ ಹೋಗು."

"ನಿಮ್ದೂ ಒಂದು ತೆಗಸ್ತೇನ್ರಿ ಆವಾಗ," ಎಂದಳು ಅವ್ವ. ನನಗೆ ನಗು ಬಂತು, ಬಾಯಿಗೆ ಸೆರಗು ಹಿಡಿದುಕೊಳ್ಳಲು ನನ್ನ ಹತ್ತಿರ ಸೆರಗು ಇರಲಿಲ್ಲ, ಆದ್ದರಿಂದ ಬೆನ್ನಿಗೆ ಆಯಿಯ ಒಂದು ಗುದ್ದು ಬಿತ್ತು.

ಸಂತೆಯ ದಿನ ಓಣಿಯವರ ಚಕ್ಕಡಿ ಆಳಂದಕ್ಕೆ ಹೊರಟಿತ್ತು. ದವಾಖಾನೆಗೆ ಹೋಗುತ್ತೇವೆ ಎಂದು ಆಯಿಗೆ ಹೇಳಿ ಅವ್ವ ಕೂಸನ್ನು ಎತ್ತಿಕೊಂಡು ಹತ್ತಿದಳು. ನೀರಿನ ತಂಬಿಗೆ ಹಿಡಿಯಲು ನಾನು. ಸುಳ್ಳೇನಲ್ಲ, ಮೊದಲು ದವಾಖಾನೆಗೇ ಹೋದೆವು. ಡಾಕ್ಟರು ಕೂಸಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಚಿವುಟಿದ ಚರ್ಮ ಹಾಗೇ ನಿಂತಿತು. ಬಾಟಲಿಯಲ್ಲಿ ಕೆಂಪು ಔಷಧಿ ತುಂಬಿಸಿಕೊಟ್ಟು, "ದೇವ್ರ ಮ್ಯಾಲ ಭಾರ ಹಾಕ್ರಿ" ಎಂದರು. ಅವ್ವ ಹೊರಗೆ ಬಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ಅವಳ ನಡಿಗೆ ಬಿರುಸಾಯಿತು. ನಾನು ತಂಬಿಗೆ, ಬಾಟಲಿ ಎರಡನ್ನೂ ಹಿಡಿದುಕೊಂಡು ಹಿಂದೆ ಓಡಬೇಕಾಯಿತು.

ದರ್ಗಾಕ್ಕೆ ಹೋಗುವ ಹಾದಿಯಲ್ಲಿ ಚಾಚಾ ಅವರ ಮಣ್ಣಿನ ಮಾಳಿಗೆ ಮನೆ. ಅಂಗಳವೇ ಸ್ಟುಡಿಯೋ. ಗೋಡೆಗೆ ಒಂದು ಪರದೆ ಇಳಿಬಿಟ್ಟಿದ್ದರು, ಅದರ ಮೇಲೆ ಅರಮನೆಯ ಮೆಟ್ಟಿಲು ಮತ್ತು ಒಂದು ಹಂಸ. ಹಂಸದ ಕೊಕ್ಕನ್ನು ಇಲಿ ತಿಂದಿತ್ತು. ಮುಂದೆ ಮೂರು ಕಾಲಿನ ಮೇಲೆ ಮರದ ಪೆಟ್ಟಿಗೆ, ಅದರ ಬೆನ್ನಿಗೆ ಕರಿ ಬಟ್ಟೆ. ಗೂಟಕ್ಕೆ ಒಂದು ಕರಿ ಕೋಟು ತೂಗುಹಾಕಿದ್ದರು. ನಾನು ಹಿಂದೆ ಹೋಗಿ ನೋಡಿದರೆ ಅದನ್ನು ಕೊರಳಿಂದ ಕೆಳಗಿನವರೆಗೆ ಸೀಳಿ ಲಾಡಿ ಹೊಲಿದಿದ್ದರು. ದಪ್ಪನವರು ಬರಲಿ, ತೆಳ್ಳನವರು ಬರಲಿ, ಸತ್ತವರಿಗೆ ಬೇಕಾದರೂ ಆಗಲಿ, ಮುಂದಿನಿಂದ ತೊಡಿಸಿ ಹಿಂದೆ ಕಟ್ಟಿದರೆ ಮುಗಿಯಿತು. ಕುರ್ಚಿಯ ಹಿಂದೆ ಕಬ್ಬಿಣದ ಒಂದು ಕೋಲು, ಅದರ ತುದಿಗೆ ಚಿಮಟದ ಹಾಗೆ ಎರಡು ಬೆರಳು. ಸಾಹೇಬರು ಅಲ್ಲಾಡದಂತೆ ಅದರಲ್ಲಿ ಅವರ ಕತ್ತು ಸಿಕ್ಕಿಸುತ್ತಿದ್ದರಂತೆ. ನಾನು ನನ್ನ ಕತ್ತು ಇಟ್ಟು ನೋಡಿದೆ. ತಣ್ಣಗಿತ್ತು.

ಚಾಚಾ ಒಳಗಿನಿಂದ ಬಂದರು. ಬಿಳಿ ಗಡ್ಡ, ಫೋಟೋ ತೊಳೆಯುವ ಔಷಧಿಯಿಂದ ಕರ್ರಗಾದ ಬೆರಳು. ಹೆಂಗಸರನ್ನೆಲ್ಲ 'ಬಾಯಿ' ಎಂದೇ ಕರೆಯುವವರು. ಅವ್ವನ ತೋಳಿನಲ್ಲಿದ್ದ ಕೂಸನ್ನು ನೋಡಿದರು, ದನಿ ತಗ್ಗಿಸಿದರು.

"ಯಾವಾಗ ಹೋತು ಬಾಯಿ?"

"ಹೋಗಿಲ್ರಿ ಚಾಚಾ. ಅದ. ಇರೂದಕ್ಕ ಬಂದೇನಿ."

ಚಾಚಾ ಬಗ್ಗಿ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದರು. ನಮ್ಮಂಥವರು ಯಾರೂ ಹೀಗೆ ಬಂದಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ತಲೆ ಆಡಿಸಿದರು.

"ಜೀವ ಇದ್ದ ಕೂಸಿಂದು ಆಗಂಗಿಲ್ಲ ಬಾಯಿ. ಅಲ್ಲಾಡ್ತದ. ಅಲ್ಲಾಡಿದ್ರ ಕಾಚು ಖರಾಬ ಆಗ್ತದ. ನನ್ನ ಹಂತ್ಯಾಕ ಇರೂದ ಒಂದ ಕಾಚು."

ಕಾಚು ಎಂದರೆ ಗಾಜಿನ ಹಾಳೆ. ಆಗ ಚಿತ್ರ ಮೊದಲು ಗಾಜಿನ ಮೇಲೆ ಮೂಡಿ, ಆಮೇಲೆ ಕಾಗದಕ್ಕೆ ಇಳಿಯುತ್ತಿತ್ತು. ಸೊಲ್ಲಾಪುರದಿಂದ ಬರುತ್ತಿದ್ದ ಆ ಗಾಜು ಯುದ್ಧದಿಂದ ನಿಂತುಹೋಗಿತ್ತು. ಉಳಿದ ಒಂದನ್ನು ತಹಶೀಲ್ದಾರ ಸಾಹೇಬರಿಗೆಂದು ತೆಗೆದಿಟ್ಟಿದ್ದರು.

"ಅದನ್ನ ನನ್ನ ಮಗಗ ಹಾಕ್ರಿ," ಎಂದಳು ಅವ್ವ.

"ಅರೇ ಬಾಯಿ, ಕಾಯ್ಕು ಜಿದ್ದ ಮಾಡ್ತಿ? ಸಾಹೇಬ್ರು ಕೇಳಿದ್ರ ನಾ ಏನ್ ಹೇಳಲಿ?"

ಅವ್ವ ಅಂಗಳದ ನಡುವೆ ಕೂತುಬಿಟ್ಟಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು ಅಷ್ಟೆ. ಚಾಚಾ ಒಳಗೆ ಹೋದರು, ಹೊರಗೆ ಬಂದರು, ಪೆಟ್ಟಿಗೆಯ ಮೇಲಿನ ಧೂಳು ಒರೆಸಿದರು. ಕೊನೆಗೆ, "ಆಯ್ತು, ನಿದ್ದಿ ಹತ್ತಲಿ. ನಿದ್ದ್ಯಾಗ ಅಲ್ಲಾಡಂಗಿಲ್ಲ, ಆವಾಗ ತೆಗೀತೇನಿ. ಕಣ್ಣ ಆಮ್ಯಾಲ ನಾ ಬರಕೊಡ್ತೇನಿ," ಎಂದರು.

"ನೀವು ಬರದ ಕಣ್ಣ ಬ್ಯಾಡ್ರಿ."

"ಯಾಕ? ನನ್ನ ಕೈಕೆಲಸದಾಗ ಇಲ್ಲೀತನ ಯಾರೂ ತಪ್ಪ ಹುಡಕಿಲ್ಲ."

ಅವ್ವ ತಲೆ ಎತ್ತಿ ಅವರ ಮುಖ ನೋಡಿದಳು. ಗಂಡಸರ ಮುಖವನ್ನು ಹಾಗೆ ನೆಟ್ಟು ನೋಡುವ ಹೆಂಗಸಲ್ಲ ಅವಳು.

"ಸುಗ್ಗಿ ಆದಮ್ಯಾಲ ಹಿರೋಳ್ಳಿಗೆ ತಂಗಿ ಮನಿಗೆ ಹೋಗಿದ್ದೆ. ಬಾಜೂ ಮನ್ಯಾಗ ಒಂದು ಹೆಣ್ಣಕೂಸಿನ ಫೋಟೋ ಹಾಕ್ಯಾರ. ಹೊಸ್ತಲಾ ದಾಟೂದ್ರಾಗ ನನ್ನ ಮಗ ನನ್ನ ನೋಡಿದ. ಯಾರದೋ ಮಗಳ ಮುಖದಾಗ ಕುಂತು ನೋಡಿದ. ನಾ ಅಲ್ಲೇ ಕುಸದ ಕುಂತೆ. ಆವಾಗ ತಿಳದಿದ್ದಿಲ್ಲ, ಈಗ ನಿಮ್ಮನ್ನ ನೋಡಿ ತಿಳೀತು. ಅವು ನಿಮ್ಮ ಕಣ್ಣ, ಚಾಚಾ."

ನಾನೂ ನೋಡಿದೆ. ಹೌದು. ಚಾಚಾ ಅವರ ಒಂದು ಕಣ್ಣಿನ ರೆಪ್ಪೆ ತುಸು ಇಳಿಬಿದ್ದಿತ್ತು. ಪಡಸಾಲೆಯ ಫೋಟೋದಲ್ಲೂ ಹಾಗೇ ಇತ್ತು. ನಾನು ಅದನ್ನು ತಮ್ಮನ ತುಂಟತನ ಎಂದುಕೊಂಡಿದ್ದೆ. ಎಷ್ಟು ಊರುಗಳಲ್ಲಿ, ಎಷ್ಟು ಮನೆಗಳಲ್ಲಿ ಆ ಒಂದೇ ಜೋಡಿ ಕಣ್ಣು ಗೋಡೆಯಿಂದ ನೋಡುತ್ತಿತ್ತೋ.

ಚಾಚಾ ಕಲ್ಲಿನ ಕಟ್ಟೆಯ ಮೇಲೆ ಕೂತರು.

"ಕನ್ನಡಿ ಮುಂದ ಇಟಗೊಂಡು ಬರೀತೇನಿ ಬಾಯಿ. ಮುಚ್ಚಿದ ರೆಪ್ಪಿ ಒಳಗ ಎಂಥಾ ಕಣ್ಣ ಇತ್ತಂತ ನನಗ ಯಾರು ಹೇಳವ್ರು? ಅಳಾಕತ್ತವ್ರನ್ನ ಕೇಳಲೇನು?"

"ಅದಕ್ಕ ಇವನ ಕಣ್ಣ ಇದ್ದಾಗ ಬಂದೇನ್ರಿ."

ಚಾಚಾ ಎದ್ದರು. "ತಹಶೀಲ್ದಾರ ಸಾಹೇಬ್ರೇನು, ಲಡಾಯಿ ಮುಗಿಯೋತನ ಇರ್ತಾರ," ಎಂದು ಗಡ್ಡದೊಳಗೇ ಗೊಣಗಿ ಒಳಗೆ ಹೋಗಿ ಗಾಜು ತಂದರು.

ಬಿಸಿಲು ಅಂಗಳದಿಂದ ಗೋಡೆಗೆ ಏರತೊಡಗಿತ್ತು. ಬೆಳಕು ಹೋದರೆ ಎಲ್ಲ ಹೋಯಿತು ಎಂದು ಚಾಚಾ ಅವಸರ ಮಾಡಿದರು. ಕೂಸನ್ನು ಕುರ್ಚಿಯ ಮೇಲೆ ಕೂಡಿಸಿದರೆ ಕತ್ತು ನಿಲ್ಲುತ್ತಿರಲಿಲ್ಲ. ಕಬ್ಬಿಣದ ಚಿಮಟದಲ್ಲಿ ಅಂಥ ಎರಡು ಕೂಸಿನ ಕತ್ತು ಹಿಡಿಸುತ್ತಿತ್ತು. ಅವ್ವನೇ ಹಿಡಿದುಕೊಳ್ಳಬೇಕು. ಆದರೆ ಫೋಟೋದಲ್ಲಿ ಅವ್ವನ ಮುಖ ಬಂದರೆ ಆಯಿ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೂ ಚಾಚಾ ಅವರ ಹತ್ತಿರ ಉಪಾಯವಿತ್ತು. ಹಿಂದೆ ಕಾಚು ಬೇಕಾದಷ್ಟು ಸಿಗುತ್ತಿದ್ದಾಗ ಸಾಹೇಬರ ಮನೆಯ ಕೂಸುಗಳಿಗೆ ಹಾಗೇ ಮಾಡುತ್ತಿದ್ದರಂತೆ. ಅವ್ವನನ್ನು ಕುರ್ಚಿಯ ಮೇಲೆ ಕೂಡಿಸಿ, ತಲೆಯಿಂದ ಪಾದದವರೆಗೆ ಕರಿ ಕಂಬಳಿ ಹೊದಿಸಿ, ಮಡಿಕೆ ಸರಿಮಾಡಿದರು. ಈಗ ಅವ್ವ ಇರಲಿಲ್ಲ; ಕಂಬಳಿ ಹಾಸಿದ ಒಂದು ಎತ್ತರದ ಕುರ್ಚಿ ಇತ್ತು, ಅದರ ಮೇಲೆ ಕುಂಚಿಗೆ ಕಟ್ಟಿದ ನನ್ನ ತಮ್ಮ ಒರಗಿದ್ದ. ಅವನ ಕಂಕುಳಿನ ಹತ್ತಿರ ಕಂಬಳಿಯಿಂದ ಎರಡು ಬೆರಳು ಮಾತ್ರ ಹೊರಗೆ ಬಂದಿದ್ದವು.

"ಬೇಟಿ, ನೀ ಇಲ್ಲಿ ನಿಂದ್ರು. ಕೂಸು ಈ ಕಡಿ ನೋಡಬೇಕು, ಹಂಗ ಏನರೆ ಮಾಡು," ಎಂದು ನನ್ನನ್ನು ಪೆಟ್ಟಿಗೆಯ ಪಕ್ಕ ನಿಲ್ಲಿಸಿದರು.

ನಾನು ನಾಲಿಗೆ ಚಾಚಿದೆ. ಕಾಗೆಯ ಹಾಗೆ ಕೂಗಿದೆ. ಒಂಟಿಗಾಲಿನಲ್ಲಿ ಕುಪ್ಪಳಿಸಿದೆ. ಚಾಚಾ ನಕ್ಕರು, ತಮ್ಮ ಮಾತ್ರ ಕಣ್ಣು ತೆರೆಯಲಿಲ್ಲ. ರೆಪ್ಪೆ ಅರ್ಧಕ್ಕೆ ನಿಂತು, ಕೆಳಗೆ ಬಿಳಿ ಗೆರೆ ಕಾಣುತ್ತಿತ್ತು.

ಕಂಬಳಿಯೊಳಗಿಂದ ಕೇಳಿತು: "ಕಣ್ಣ ಬಿಟ್ಟಾನೇನ ಬೇ?"

"ಇಲ್ಲವ್ವ."

ಚಾಚಾ ಸಣ್ಣ ಗಂಟೆ ಬಾರಿಸಿದರು. ನವಿಲುಗರಿಯಿಂದ ಪಾದ ನೇವರಿಸಿದರು. ಮಣಿಕಟ್ಟಿಗೆ ತಣ್ಣೀರು ಹಚ್ಚಿದರು. ಬಿಸಿಲು ಹಂಸದ ಬೆನ್ನಿನವರೆಗೆ ಏರಿತು.

"ಈಗ?"

"ಇಲ್ಲವ್ವ."

"ಉಸರ ಆಡಾಕತ್ತಾನೇನ ನೋಡ ಬೇ. ನನಗ ಕಾಣವಲ್ದು."

ನಾನು ಹತ್ತಿರ ಹೋಗಿ ಹೊಟ್ಟೆ ನೋಡಿದೆ. ಆಡುತ್ತಿತ್ತು. ಹಕ್ಕಿಯ ಎದೆ ಆಡಿದ ಹಾಗೆ, ಬೇಗ ಬೇಗ. "ಹೂಂ," ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. "ಆಡಾಕತ್ತಾನವ್ವ," ಎಂದು ಮತ್ತೆ ಹೇಳಿದೆ. ಚಾಚಾ ಆಕಾಶ ನೋಡಿದರು, ಗೋಡೆ ನೋಡಿದರು, ಮುಚ್ಚಿದ ಕಣ್ಣಿಗೇ ತೆಗೆದುಬಿಡೋಣವೇ ಎಂಬಂತೆ ನನ್ನನ್ನು ನೋಡಿದರು. ನಾನು ಬೇಡವೆಂದು ತಲೆ ಆಡಿಸಿದೆ. ನನ್ನನ್ನು ಯಾಕೆ ಕೇಳಿದರೋ.

ಆಗ ಕಂಬಳಿ ಮಾತಾಡತೊಡಗಿತು. ನಮಗಲ್ಲ. ದಿನಾ ಎರೆಯುವಾಗ ಬಚ್ಚಲಲ್ಲಿ ಕೂಸಿಗೆ ಹೇಳುತ್ತಿದ್ದ ಮಾತು.

"ಯಾರ ಮಗಾನ ಇಂವ? ಎಲ್ಲಿಂದ ಬಂದಾನ ಇಂವ? ಹಾಲ ಕುಡದ್ನೇನ, ಬೆಣ್ಣಿ ತಿಂದ್ನೇನ, ಅವ್ವಗ ಒದ್ದನೇನ..."

ತಮ್ಮನ ರೆಪ್ಪೆ ಅದುರಿತು. ಮೇಲೆ ಹೋಯಿತು. ಕಣ್ಣು ಪೂರ್ತಿ ತೆರೆಯಿತು. ಅಷ್ಟು ದಿನಗಳಲ್ಲಿ ನಾನು ಅವನ ಕಣ್ಣನ್ನು ಹಾಗೆ ನೋಡಿರಲಿಲ್ಲ. ಕರ್ರಗೆ, ಒದ್ದೆಯಾಗಿ, ಎಲ್ಲಿದ್ದೇನೆ ಎಂದು ಕೇಳುವಂತೆ.

"ಬಿಟ್ಟಾನವ್ವ," ಎಂದೆ.

ಚಾಚಾ ಪೆಟ್ಟಿಗೆಯ ಮೂತಿಗೆ ಹಾಕಿದ್ದ ಹಿತ್ತಾಳೆಯ ಮುಚ್ಚಳ ತೆಗೆದರು. "ಏಕ್..."

ಅವ್ವ ಥಟ್ಟನೆ ಸುಮ್ಮನಾದಳು. ಉಸಿರು ಕೂಡ ಬಿಗಿಹಿಡಿದಿದ್ದಳು. ಕಂಬಳಿ ಕಲ್ಲಿನಂತೆ ನಿಂತಿತು.

"ದೋ..."

ದನಿ ನಿಂತದ್ದು ತಮ್ಮನಿಗೆ ತಿಳಿಯಿತು. ಅವನು ನನ್ನ ಕಡೆ ನೋಡಲಿಲ್ಲ, ಗಂಟೆಯ ಕಡೆ ನೋಡಲಿಲ್ಲ. ಆ ಕತ್ತಿನಲ್ಲಿ ಎಲ್ಲಿಂದ ಶಕ್ತಿ ಬಂತೋ, ತಲೆಯನ್ನು ಮೆಲ್ಲಗೆ ಹೊರಳಿಸಿದ. ಕರಿ ಕಂಬಳಿಯ ಕಡೆಗೆ.

"ತೀನ್..." ಎಂದು ಚಾಚಾ ಮುಚ್ಚಳ ಹಾಕಿದರು. ಅವರ ದನಿ ಇಳಿದುಹೋಗಿತ್ತು.

ಗಾಜು ತೊಳೆದು ತರಲು ಕತ್ತಲೆ ಕೋಣೆಗೆ ಹೋದರು. ಬಂದಾಗ ನೀರು ಸೋರುವ ಗಾಜನ್ನು ಉಳಿದಷ್ಟು ಬಿಸಿಲಿಗೆ ಹಿಡಿದು ನೋಡಿದರು. ಅದರಲ್ಲಿ ಕಂಬಳಿ ಬಿಳಿಯಾಗಿತ್ತು, ಅಂಗಿ ಕಪ್ಪಾಗಿತ್ತು. ನನಗೆ ಏನೂ ತಿಳಿಯಲಿಲ್ಲ.

"ಬಂದದೇನ್ರಿ ಚಾಚಾ?" ಅವ್ವ ಬೆವರಿನಲ್ಲಿ ತೊಯ್ದುಹೋಗಿದ್ದಳು.

"ಬಂದದ ಬಾಯಿ. ಕಾಗದಕ್ಕ ಇಳಿಸಿ ಸಂತಿ ಚಕ್ಕಡ್ಯಾಗ ಕಳಸ್ತೇನಿ," ಎಂದರು. ನಾವು ಹೊರಡುವವರೆಗೂ ಅವರು ಅವ್ವನ ಕಡೆ ನೋಡಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು ತೆಗೆದರು.

ಮುಂದಿನ ಸಂತೆಯವರೆಗೆ ತಮ್ಮ ಉಳಿಯಲಿಲ್ಲ. ಒಂದು ಬೆಳಗ್ಗೆ ಅವ್ವ ಕುಡಿಸಿದ ಹಾಲು ಅವನ ಗಲ್ಲದ ಮೇಲೆ ಇಳಿಯಿತು. ಸೆರಗಿನಿಂದ ಒರೆಸಿ ಮತ್ತೆ ಕುಡಿಸಲು ನೋಡಿದಳು. ಮತ್ತೆ ಇಳಿಯಿತು. ಮತ್ತೆ ಒರೆಸಿದಳು. ಆಯಿ ಬಂದು ಅವಳ ಕೈ ಹಿಡಿಯುವವರೆಗೂ ಒರೆಸುತ್ತಲೇ ಇದ್ದಳು.

ಚಕ್ಕಡಿಯವರ ಬಾಯಿಂದ ಆಯಿಗೆ ಎಲ್ಲ ಗೊತ್ತಾಗಿತ್ತು. "ನಿನ್ನ ಫೋಟೋ ನುಂಗಿತು ನನ್ನ ಮೊಮ್ಮಗನ್ನ," ಎಂದು ಎದೆ ಬಡಿದುಕೊಂಡಳು. ಅವ್ವ ಕೂಸಿನ ಕಾಲ ಕಡಗ ಸರಿಮಾಡಿದಳು. ಅವಳೂ ಅದನ್ನೇ ಯೋಚಿಸುತ್ತಿದ್ದಳೋ ಏನೋ, ನನಗೆ ಇವತ್ತಿಗೂ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ. ಅತ್ತು ಅತ್ತು ಸುಸ್ತಾದ ಮೇಲೆ ಆಯಿ ತಾನೇ ಕೂಸಿಗೆ ಜರಿಯ ಕುಂಚಿಗೆ ಕಟ್ಟಿದಳು, ಗೋಡೆಗೆ ಒರಗಿಸಿ ಕೂಡಿಸಿದಳು, ಓಣಿಯವರಿಗೆ ಹೇಳಿದಳು:

"ಯಾರರೆ ಆಳಂದಕ್ಕ ಓಡ್ರಿ. ಫೋಟೋದಾಂವ ಬರಲಿ."

"ಅವ್ರ ಹಂತ್ಯಾಕ ಕಾಚು ಇಲ್ರಿ ಅತ್ತಿ," ಎಂದಳು ಅವ್ವ. ಆ ದಿನ ಅವಳು ಆಡಿದ್ದು ಅದೊಂದೇ ಮಾತು.

ಸಂತೆಯ ಚಕ್ಕಡಿ ತಿರುಗಿ ಬಂದಾಗ ಹಳೆ ಪತ್ರಿಕೆಯಲ್ಲಿ ಸುತ್ತಿದ ಫೋಟೋ ಬಂತು. ಅಪ್ಪನೂ ಸೊಲ್ಲಾಪುರದಿಂದ ಬಂದಿದ್ದ. ಸುದ್ದಿ ಅವನಿಗೆ ಹಾದಿಯಲ್ಲೇ ಸಿಕ್ಕಿತ್ತು. ಪತ್ರಿಕೆ ಬಿಚ್ಚಿ, ಒಮ್ಮೆ ನೋಡಿ, ಆಯಿಯ ಕೈಗೆ ಕೊಟ್ಟು ಎತ್ತಿಗೆ ನೀರು ಕುಡಿಸಲು ಹೋದ.

ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಏನಿದು? ಕಂಬಳಿ ಫೋಟೋ ತೆಗಸಾಕ ಹೋಗಿದ್ದೇನ ಬೇ? ಕೂಸ ಎಲ್ಲದ?"

ಕೂಸು ಇತ್ತು. ಉಡದಾರದ ಒಂದೊಂದು ಕಡಿ ಎಣಿಸುವಷ್ಟು ಚೆನ್ನಾಗಿ ಬಂದಿತ್ತು. ಪುಟ್ಟ ಕಾಲು, ಕಾಲ ಕಡಗ, ಅಂಗಿಯ ಗುಂಡಿ, ಕಂಕುಳಿನ ಹತ್ತಿರ ಅವ್ವನ ಎರಡು ಬೆರಳು, ಬೆರಳಿನ ಉಗುರಿನಲ್ಲಿದ್ದ ಹಿಟ್ಟು ಸಹ. ಕುಂಚಿಗೆಯ ಕೆಳಗೆ ಮುಖ ಇರಬೇಕಾದಲ್ಲಿ ಮಾತ್ರ ಹೊಗೆ. ಒಲೆ ಊದಿದಾಗ ಏಳುವ ಬೂದಿಯ ಹಾಗೆ, ಒಂದು ಬದಿಗೆ ಎಳೆದುಕೊಂಡು ಹೋದ ಬಿಳುಪು. ಚಾಚಾ ಅದರ ಮೇಲೆ ಕುಂಚ ಆಡಿಸಿರಲಿಲ್ಲ.

ಅವ್ವ ಆಯಿಯ ಕೈಯಿಂದ ಫೋಟೋ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದಳು. ಹೊಸ್ತಿಲ ಮೇಲೆ ಕೂತು ನೋಡಿದಳು. ರೊಟ್ಟಿಯ ಹೊತ್ತಾಯಿತು, ಒಲೆ ಹಾಗೇ ಇತ್ತು, ಯಾರೂ ಅವಳನ್ನು ಕರೆಯಲಿಲ್ಲ. ನಾನು ಅವಳ ತೋಳಿನ ಕೆಳಗೆ ತಲೆ ತೂರಿಸಿ ನೋಡಿದೆ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆಂದು ಗೊತ್ತಿರಲಿಲ್ಲ.

"ಮುಖಾನ ಬಂದಿಲ್ಲವ್ವ," ಎಂದೆ. "ನಾ ಅಷ್ಟು ಕುಣದೆ, ಅಷ್ಟು ಒದರಿದೆ. ಅಂವ ನನ್ನ ಕಡಿ ನೋಡೇ ಇಲ್ಲ."

ಅವ್ವ ಫೋಟೋದಿಂದ ಕಣ್ಣು ತೆಗೆಯಲಿಲ್ಲ.

"ನಿನ್ನ ಯಾಕ ನೋಡ್ತಾನ ಬೇ?" ಎಂದಳು. "ಅಂವ ನನ್ನ ಹುಡಕಾಕತ್ತಾನ."